ಸಿಪಿಕೆ ರಿಪೋರ್ಟ್ ಕೈಗೆ ಬಂದಾಗ ಏನು ನೋಡಬೇಕು, ರಕ್ತ ಕೊಡುವ ಮುಂಚೆ ಏನು ಹೇಳಬೇಕು

ಸೋಮವಾರ ಬೆಳಿಗ್ಗೆ ಒಂಬತ್ತೂವರೆ. ಮಶಿನ್ ಒಂದು ಸ್ಯಾಂಪಲ್‌ಗೆ ಸಿಪಿಕೆ ಅನ್ನುವ ಸ್ನಾಯುವಿನ ಕಿಣ್ವ 6,420 ಅಂತ ತೋರಿಸಿತು. ಚೀಟಿಯಲ್ಲಿ ಇದ್ದದ್ದು ಇಷ್ಟೇ: ಗಂಡು, 23 ವರ್ಷ, ಮೈಕೈ ನೋವು. ಆ ವಯಸ್ಸಿನ ಹುಡುಗನಿಗೆ ಆರು ಸಾವಿರ ಅಂದರೆ ಸ್ನಾಯುವಿನ ದೊಡ್ಡ ಕಾಯಿಲೆ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಫೋನ್ ಮಾಡಿದೆ. 'ತಮ್ಮಾ, ಹೋದ ಮೂರು ದಿನದಾಗ ಏನರ ಭಾರೀ ಕೆಲಸ ಮಾಡಿದ್ಯೇನು?' ಆ ಕಡೆಯಿಂದ ಸ್ವಲ್ಪ ನಾಚಿದ ದನಿ ಬಂತು. 'ಶನಿವಾರ ಗರಡಿಮನ್ಯಾಗ ಐನೂರು ಬಸ್ಕಿ ಹೊಡದೇನ್ರಿ. ಎಂಟು ತಿಂಗಳಾಗಿತ್ತು ಹೋಗದ.'

ಮೂತ್ರದ ಬಣ್ಣ ಕೇಳಿದೆ. ಮಾಮೂಲಿನಂತೆ ಇದೆ ಎಂದ. ಚೆನ್ನಾಗಿ ನೀರು ಕುಡಿ, ಡಾಕ್ಟರಿಗೆ ತೋರಿಸು, ಒಂದು ವಾರ ಬಸ್ಕಿ ಬೇಡ, ಆಮೇಲೆ ಮತ್ತೆ ರಕ್ತ ಕೊಡು ಅಂತ ಹೇಳಿದೆ. ಮುಂದಿನ ಸೋಮವಾರ 238 ಬಂತು, ನಾರ್ಮಲ್.

ನಾನು ಹುಬ್ಬಳ್ಳಿಯ ಒಂದು ಲ್ಯಾಬಿನಲ್ಲಿ ಹದಿನೆಂಟು ವರ್ಷದಿಂದ ಬಯೋಕೆಮಿಸ್ಟ್ರಿ ಕೆಲಸ ಮಾಡುತ್ತಿದ್ದೇನೆ. ಧಾರವಾಡ, ಗದಗ, ಹಾವೇರಿ ಕಡೆಯ ಸ್ಯಾಂಪಲ್‌ಗಳೂ ನಮ್ಮಲ್ಲಿಗೆ ಬರುತ್ತವೆ. ಮಶಿನ್ ತಪ್ಪು ಮಾಡುವುದು ಅಪರೂಪ. ತಪ್ಪು ಆಗುವುದು ಚೀಟಿಯಲ್ಲಿ. ಈ ಕಿಣ್ವಗಳ ವಿಷಯದಲ್ಲಿ ನಂಬರಿಗಿಂತ ಮುಂಚೆ ಎರಡು ಸಂಗತಿ ಗೊತ್ತಿರಬೇಕು: ರಕ್ತ ತೆಗೆದದ್ದು ಯಾವ ಹೊತ್ತಿಗೆ, ಅದಕ್ಕೂ ಮುಂಚಿನ ಮೂರು ದಿನ ಆ ಮೈ ಏನು ಮಾಡಿತ್ತು. ಇವೆರಡನ್ನು ಹೇಳಬೇಕಾದವರು ನೀವೇ. ಹೇಗೆ ಹೇಳಬೇಕು, ರಿಪೋರ್ಟ್ ಬಂದಮೇಲೆ ಹೇಗೆ ನೋಡಬೇಕು ಅಂತ ಬರೆಯುತ್ತೇನೆ. ಇದನ್ನು ಓದಿ ನೀವೇ ಔಷಧ ಶುರು ಮಾಡುವುದು ಬೇಡ. ಡಾಕ್ಟರ ಮುಂದೆ ಕೂತಾಗ ಸರಿಯಾದ ಪ್ರಶ್ನೆ ಕೇಳುವಷ್ಟು ತಿಳಿದರೆ ಸಾಕು.

ರಕ್ತದಲ್ಲಿ ಕಿಣ್ವ ಯಾಕೆ ಸಿಗುತ್ತದೆ

ಕಿಣ್ವ ಅಂದರೆ ಜೀವಕೋಶದ ಒಳಗೆ ಕೆಲಸ ಮಾಡುವ ಪ್ರೋಟೀನ್. ಎನ್‌ಜೈಮ್ ಅನ್ನುವುದು ಇದನ್ನೇ. ಸಿಪಿಕೆ, ಅಂದರೆ ಕ್ರಿಯಾಟಿನ್ ಫಾಸ್ಫೋಕೈನೇಸ್, ಸ್ನಾಯು ಕೂಡಿಟ್ಟುಕೊಂಡ ಶಕ್ತಿಯನ್ನು ಬೇಕಾದ ಕ್ಷಣಕ್ಕೆ ಬಿಡಿಸಿ ಕೊಡುತ್ತದೆ. ಕೆಲವು ರಿಪೋರ್ಟಿನಲ್ಲಿ ಬರೀ ಸಿಕೆ ಅಂತ ಇರುತ್ತದೆ, ಎರಡೂ ಒಂದೇ. ಅದು ಇರಬೇಕಾದದ್ದು ಕೋಶದ ಒಳಗೆ. ರಕ್ತದಲ್ಲಿ ಸ್ವಲ್ಪ ಇದ್ದೇ ಇರುತ್ತದೆ, ಆದರೆ ಕೋಶದ ಗೋಡೆ ಹರಿದಾಗ ಜಾಸ್ತಿ ಹೊರಗೆ ಚೆಲ್ಲುತ್ತದೆ.

ಬ್ಯಾಡಗಿ ಮಾರುಕಟ್ಟೆಗೆ ಹೋದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ನೆಲದ ಮೇಲೆ ಮೆಣಸಿನಕಾಯಿ ಬಿದ್ದಿದೆ ಅಂದರೆ ಎಲ್ಲೋ ಚೀಲ ಹರಿದಿದೆ. ಎಷ್ಟು ಬಿದ್ದಿದೆ ಅನ್ನುವುದರಿಂದ ಹರಕು ಎಷ್ಟು ದೊಡ್ಡದು ಅಂತ ಅಂದಾಜು ಮಾಡಬಹುದು. ಬಿದ್ದದ್ದು ಡಬ್ಬಿ ಜಾತಿಯ ಕಾಯಿಯೋ ಕಡ್ಡಿ ಜಾತಿಯದ್ದೋ ಅಂತ ನೋಡಿದರೆ ಯಾವ ಚೀಲ ಅಂತಲೂ ಗೊತ್ತಾಗುತ್ತದೆ. ಆದರೆ ಇಲಿ ಕಡಿಯಿತೋ, ಮೊಳೆಗೆ ಸಿಕ್ಕಿತೋ, ಹಮಾಲರು ಜೋರಾಗಿ ಒಗೆದರೋ, ಅದನ್ನು ಮೆಣಸಿನಕಾಯಿ ಹೇಳುವುದಿಲ್ಲ.

ಸಿಪಿಕೆಯಲ್ಲೂ ಹಾಗೆ ಮೂರು ಜಾತಿ ಇವೆ. ಕೈಕಾಲಿನ ಸ್ನಾಯುವಿನಲ್ಲಿ ಇರುವುದು ಹೆಚ್ಚುಕಡಿಮೆ ಎಲ್ಲ ಎಂಎಂ. ಹೃದಯದಲ್ಲಿ ಎಂಎಂ ಜೊತೆಗೆ ಎಂಬಿ ಕೂಡ ಗಣನೀಯವಾಗಿ ಇರುತ್ತದೆ. ಮೆದುಳಿನಲ್ಲಿ ಬಿಬಿ. ಕೈಕಾಲಿನ ಸ್ನಾಯುವಿನಲ್ಲೂ ಎಂಬಿ ಒಂದೆರಡು ಪರ್ಸೆಂಟ್ ಇರುತ್ತದೆ, ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ರಕ್ತದ ಕಿಣ್ವ ಅಳೆದು ಕಾಯಿಲೆ ಹುಡುಕುವ ಈ ದಾರಿ ಬಹಳ ಹಳೆಯದೇನಲ್ಲ. ಹೃದಯಾಘಾತ ಆದವರ ರಕ್ತದಲ್ಲಿ ಎಸ್‌ಜಿಒಟಿ ಏರುತ್ತದೆ ಅಂತ ಅಮೆರಿಕದ ಡಾಕ್ಟರುಗಳು 1954ರಲ್ಲಿ ತೋರಿಸಿದರು. ಹೌದು, ಈಗ ನಾವು ಲಿವರ್ ಟೆಸ್ಟ್ ಅಂತ ಕರೆಯುವ ಅದೇ ಎಸ್‌ಜಿಒಟಿ. ಸ್ನಾಯು ಸವೆಯುವ ಕಾಯಿಲೆಯಲ್ಲಿ ಸಿಪಿಕೆ ಏರುವುದನ್ನು 1959ರಲ್ಲಿ ಜಪಾನಿನ ಎಬಾಶಿ ಮತ್ತು ಜೊತೆಗಾರರು ತೋರಿಸಿದರು.

ಸ್ಯಾಂಪಲ್ ಕೊಡುವಾಗ

ಸಿಪಿಕೆಗೆ ಖಾಲಿ ಹೊಟ್ಟೆ ಬೇಕಾಗಿಲ್ಲ. ಬೇರೆ ಟೆಸ್ಟ್ ಜೊತೆಗೆ ಇದ್ದರೆ ಮಾತು ಬೇರೆ. ಬೇಕಾಗಿರುವುದು ವಿಶ್ರಾಂತಿ. ತುರ್ತು ಅಲ್ಲದಿದ್ದರೆ ರಕ್ತ ಕೊಡುವ ಮುಂಚೆ ಎರಡು ಮೂರು ದಿನ ಜಿಮ್, ಕುಸ್ತಿ, ಭಾರ ಹೊರುವುದು, ಉದ್ದ ನಡಿಗೆ ನಿಲ್ಲಿಸಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುವವರು ನಮ್ಮ ಕಡೆ ಎಷ್ಟು ಜನ ಇದ್ದಾರೆ ನಿಮಗೇ ಗೊತ್ತು. ಧಾರವಾಡದಿಂದಲೇ ಸುಮಾರು 40 ಕಿಲೋಮೀಟರ್. ವರ್ಷವೆಲ್ಲ ಅಂಗಡಿಯಲ್ಲಿ ಕೂತವರು ಒಮ್ಮೆಲೇ ಅಷ್ಟು ನಡೆದು ಬಂದ ಮರುದಿನ ರಕ್ತ ಕೊಟ್ಟರೆ ಸಿಪಿಕೆ ನಾರ್ಮಲ್ ಬರುವ ಮಾತೇ ಇಲ್ಲ. ಕೆಲಸ ಮಾಡಿದ ಕೂಡಲೇ ಅದು ಗರಿಷ್ಠಕ್ಕೆ ಹೋಗುವುದಿಲ್ಲ, ಒಂದರಿಂದ ಮೂರು ದಿನದಲ್ಲಿ ಶಿಖರಕ್ಕೆ ಹೋಗಿ ಆಮೇಲೆ ದಿನಕ್ಕೆ ಹತ್ತಿರ ಹತ್ತಿರ ಅರ್ಧದಂತೆ ಇಳಿಯುತ್ತದೆ. 'ನಿನ್ನೆ ಆರಾಮ ಮಾಡೀನ್ರಿ' ಅಂದರೆ ಸಾಲದು, ಮೊನ್ನೆ ಮತ್ತು ಆಚೆ ಮೊನ್ನೆಯದ್ದೂ ಹೇಳಿ.

ಸೂಜಿಯ ವಿಷಯ. ಟೊಂಕಕ್ಕೋ ತೋಳಿಗೋ ಇಂಜೆಕ್ಷನ್ ಹಾಕಿಸಿಕೊಂಡರೆ ಅದು ಸ್ನಾಯುವಿಗೇ ಚುಚ್ಚುವುದು, ಸಿಪಿಕೆ ಏರುತ್ತದೆ. ನಮ್ಮ ಜನಕ್ಕೆ ಮೈಕೈ ನೋವು ಅಂದ ಕೂಡಲೇ ಒಂದು ಇಂಜೆಕ್ಷನ್ ಬೇಕು, ಅದನ್ನು ಹಾಕಿಸಿಕೊಂಡು ಸೀದಾ ಲ್ಯಾಬಿಗೆ ಬರುತ್ತಾರೆ. ಚೀಟಿಯಲ್ಲಿ ಬರೆಸಿ. ಹಾಗೆಯೇ ಎಲ್ಲಾದರೂ ಬಿದ್ದಿದ್ದೀರಾ, ಆಪರೇಷನ್ ಆಗಿದೆಯಾ, ಫಿಟ್ಸ್ ಬಂದಿತ್ತಾ, ಕುಡಿಯುವ ಅಭ್ಯಾಸ ಇದೆಯಾ, ಕೊಲೆಸ್ಟ್ರಾಲ್ ಮಾತ್ರೆ ತಗೊಳ್ಳುತ್ತೀರಾ ಅನ್ನುವುದನ್ನೂ ಹೇಳಿ.

ಇನ್ನು ರಕ್ತ ತೆಗೆಯುವವರ ಕಡೆಗೆ ಎರಡು ಮಾತು, ಯಾಕಂದರೆ ಇದನ್ನು ಓದುವವರಲ್ಲಿ ಕಲೆಕ್ಷನ್ ಸೆಂಟರಿನ ಹುಡುಗ ಹುಡುಗಿಯರೂ ಇರುತ್ತೀರಿ. ಸೀರಮ್ ಟ್ಯೂಬಿನಲ್ಲೇ ತೆಗೆಯಿರಿ, ಕೆಂಪು ಅಥವಾ ಹಳದಿ ಮುಚ್ಚಳ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಬೇಡ, ಅದು ಮೆಗ್ನೀಶಿಯಂ ಹಿಡಿದಿಟ್ಟುಕೊಳ್ಳುತ್ತದೆ, ಮೆಗ್ನೀಶಿಯಂ ಇಲ್ಲದೆ ಈ ಕಿಣ್ವ ಕೆಲಸವನ್ನೇ ಮಾಡುವುದಿಲ್ಲ, ನಂಬರ್ ಸುಳ್ಳೇ ಕಡಿಮೆ ಬರುತ್ತದೆ. ಸಣ್ಣ ಸೂಜಿಯಿಂದ ಜೋರಾಗಿ ಎಳೆಯಬೇಡಿ, ಟ್ಯೂಬ್ ಕುಲುಕಬೇಡಿ, ಅರ್ಧ ಗಂಟೆ ಹೆಪ್ಪುಗಟ್ಟಲು ಬಿಡಿ, ಆಮೇಲೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಸೀರಮ್, ಅಂದರೆ ಮೇಲೆ ನಿಲ್ಲುವ ತಿಳಿ ದ್ರವ, ಬೇರೆ ಮಾಡಿ.

ಸೀರಮ್ ಬೇರೆ ಆದಮೇಲೆ ನಾನು ಪ್ರತಿ ಟ್ಯೂಬನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇನೆ. ಒಳ್ಳೆಯ ಸೀರಮ್ ಕುಸುಬಿ ಎಣ್ಣೆಯ ಹಾಗೆ ತಿಳಿ ಹಳದಿ. ಬೀಟ್‌ರೂಟ್ ತೊಳೆದ ನೀರಿನ ಹಾಗೆ ಕೆಂಪಗೆ ಕಂಡರೆ ಕೆಂಪು ರಕ್ತಕಣ ಒಡೆದಿದೆ ಅಂತ ಅರ್ಥ. ಅದರಲ್ಲಿ ಎಲ್‌ಡಿಎಚ್ ಅನ್ನುವ ಇನ್ನೊಂದು ಕಿಣ್ವದ ಟೆಸ್ಟ್ ಮಾಡಿ ಉಪಯೋಗವಿಲ್ಲ, ಕಣದ ಒಳಗೆ ಅದು ಹೊರಗಿಗಿಂತ ನೂರು ಪಟ್ಟಿಗೂ ಜಾಸ್ತಿ ಇರುತ್ತದೆ. ಎಸ್‌ಜಿಒಟಿ, ಪೊಟ್ಯಾಸಿಯಂ ಕೂಡ ಸುಳ್ಳೇ ಏರುತ್ತವೆ. ಕೆಂಪು ಕಣದಲ್ಲಿ ಸಿಪಿಕೆ ಇಲ್ಲ, ಆದರೂ ಅದರೊಳಗಿನ ಬೇರೊಂದು ಕಿಣ್ವ ಟೆಸ್ಟಿನ ಒಳಗೆ ಕೈ ಹಾಕಿ ಲೆಕ್ಕ ಕೆಡಿಸುತ್ತದೆ. ಹೀಗಾದಾಗ ಲ್ಯಾಬಿನವರು 'ಇನ್ನೊಮ್ಮೆ ರಕ್ತ ಕೊಡ್ರಿ' ಅಂದರೆ ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಹಾಗೆ ಕೇಳುವ ಲ್ಯಾಬ್ ಒಳ್ಳೆಯ ಲ್ಯಾಬ್.

ಬೇಸಿಗೆಯಲ್ಲಿ ಇನ್ನೊಂದು ತೊಂದರೆ. ಏಪ್ರಿಲ್ ಮೇ ತಿಂಗಳಲ್ಲಿ ಗದಗದಿಂದ ಹುಬ್ಬಳ್ಳಿಗೆ ಬಸ್ಸಿನ ಎಂಜಿನ್ ಹತ್ತಿರ ಇಟ್ಟುಕೊಂಡು ಬಂದ ಡಬ್ಬಿಯನ್ನು ಮುಟ್ಟಿದರೆ ಕೈ ಸುಡುವ ಹಾಗೆ ಇರುತ್ತದೆ. ಬಿಸಿ ಮತ್ತು ಬೆಳಕು ಎರಡೂ ಸಿಪಿಕೆಯನ್ನು ಕೊಲ್ಲುತ್ತವೆ. ಸೀರಮ್ ಬೇರೆ ಮಾಡಿ, ಐಸ್ ಪ್ಯಾಕ್ ಇಟ್ಟ ಮುಚ್ಚಿದ ಡಬ್ಬಿಯಲ್ಲಿ ಕಳಿಸಿ. ಎಲ್‌ಡಿಎಚ್ ಮಾತ್ರ ಇದಕ್ಕೆ ಉಲ್ಟಾ, ಅದನ್ನು ಫ್ರಿಜ್ಜಿನಲ್ಲಿ ಇಟ್ಟರೆ ಕೆಲವು ಭಾಗ ಕೆಡುತ್ತದೆ, ಸಾಮಾನ್ಯ ಕೋಣೆಯ ತಂಪಿನಲ್ಲಿ ಇಟ್ಟು ಬೇಗ ಮಾಡಬೇಕು.

ಸ್ನಾಯು: ಸಿಪಿಕೆ ನಿಜವಾಗಿ ಕೆಲಸಕ್ಕೆ ಬರುವ ಜಾಗ

ನಮ್ಮ ಮಶಿನಿನಲ್ಲಿ ಗಂಡಸರಿಗೆ 39ರಿಂದ 308, ಹೆಂಗಸರಿಗೆ 26ರಿಂದ 192 ನಾರ್ಮಲ್. ಬೇರೆ ಲ್ಯಾಬಿನಲ್ಲಿ ಬೇರೆ ಇರುತ್ತದೆ, ರಿಪೋರ್ಟಿನ ಬಲಗಡೆ ಅಚ್ಚಾಗಿರುವುದನ್ನೇ ನೋಡಿ. ಮೈಕಟ್ಟು ಜಾಸ್ತಿ ಇರುವವರಿಗೆ, ದಿನಾ ಮೈಮುರಿದು ದುಡಿಯುವವರಿಗೆ ಸ್ವಲ್ಪ ಮೇಲೇ ಇರುತ್ತದೆ. ನಾರ್ಮಲ್ 308 ಇರುವ ಕಡೆ ಎಪಿಎಂಸಿ ಹಮಾಲರೊಬ್ಬರಿಗೆ 380 ಬಂದರೆ ನಾನು ಗಾಬರಿ ಬೀಳುವುದಿಲ್ಲ.

ಸಾವಿರ ದಾಟಿದಾಗ ಪ್ರಶ್ನೆ ಶುರುವಾಗುತ್ತದೆ. ಮೂತ್ರ ಹಾಲಿಲ್ಲದ ಕರಿ ಚಹಾದ ಬಣ್ಣಕ್ಕೆ ಬಂದಿದ್ದರೆ ಅದು ತುರ್ತು. ಸ್ನಾಯು ಒಡೆದು ಅದರ ಒಳಗಿನ ಮಯೋಗ್ಲೋಬಿನ್ ಅನ್ನುವ ಪ್ರೋಟೀನ್ ಕಿಡ್ನಿಗೆ ಹೋಗುತ್ತಿದೆ. ಬಿಸಿಲಿನಲ್ಲಿ ನೀರಿಲ್ಲದೆ ದುಡಿದವರಲ್ಲಿ, ಭಾರದ ಕೆಳಗೆ ಸಿಕ್ಕಿಕೊಂಡವರಲ್ಲಿ, ದೀಪಾವಳಿ ಆದಮೇಲೆ ಹಾವೇರಿ ಕಡೆ ಹೋರಿ ಬೆದರಿಸುವಾಗ ತುಳಿಸಿಕೊಂಡವರಲ್ಲಿ ಹೀಗೆ ಆಗಬಹುದು. ಸಿಪಿಕೆ 5,000 ದಾಟಿತೆಂದರೆ ಕಿಡ್ನಿಗೆ ಅಪಾಯ ಜಾಸ್ತಿ ಅಂತ ಡಾಕ್ಟರುಗಳು ಎಚ್ಚರ ವಹಿಸುತ್ತಾರೆ. ಮನೆಯಲ್ಲಿ ನೋವಿನ ಮಾತ್ರೆ ನುಂಗುತ್ತಾ ಕೂರಬೇಡಿ, ಆ ಮಾತ್ರೆಗಳೇ ಕಿಡ್ನಿಗೆ ಇನ್ನೊಂದು ಪೆಟ್ಟು. ಆಸ್ಪತ್ರೆಗೆ ಹೋಗಿ ಸಲೈನ್ ಹಾಕಿಸಿಕೊಳ್ಳಬೇಕು, ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ನೋಡಿಸಬೇಕು. ಮೂತ್ರದ ಪಟ್ಟಿ ಪರೀಕ್ಷೆಯಲ್ಲಿ 'ರಕ್ತ ಇದೆ' ಅಂತ ಬಂದು, ಮೈಕ್ರೋಸ್ಕೋಪಿನಲ್ಲಿ ಕೆಂಪು ಕಣವೇ ಕಾಣದಿದ್ದರೆ ಅದು ಇದರ ದೊಡ್ಡ ಸುಳಿವು.

ನಿಧಾನವಾಗಿ ಬರುವ ಸುಸ್ತು ಬೇರೆ ಕಥೆ. ನೆಲದಿಂದ ಏಳಲು ಆಗುತ್ತಿಲ್ಲ, ಮೆಟ್ಟಿಲು ಹತ್ತಲು ಕಂಬಿ ಹಿಡಿಯಬೇಕು, ತಲೆ ಬಾಚಲು ಕೈ ಮೇಲೆ ಹೋಗುತ್ತಿಲ್ಲ, ಹೀಗೆ ವಾರಗಟ್ಟಲೆ ಆಗುತ್ತಿದ್ದರೆ ಸ್ನಾಯುವಿನ ಉರಿಯೂತ ಇರಬಹುದು, ಅದರಲ್ಲಿ ಸಿಪಿಕೆ ನಾರ್ಮಲಿನ ಹತ್ತು ಪಟ್ಟು, ಕೆಲವೊಮ್ಮೆ ಐವತ್ತು ಪಟ್ಟು ಇರುತ್ತದೆ. ಆದರೆ ಅಷ್ಟು ದೂರ ಹೋಗುವ ಮುಂಚೆ ಥೈರಾಯ್ಡ್ ಮಾಡಿಸಿದ್ದೀರಾ? ಥೈರಾಯ್ಡ್ ಕಡಿಮೆ ಇದ್ದರೂ ಸಿಪಿಕೆ ಏರುತ್ತದೆ. ಇದು ಎಷ್ಟು ಸಲ ತಪ್ಪಿಹೋಗುತ್ತದೆ ಅಂದರೆ, ಕಾರಣ ತಿಳಿಯದ ಸಿಪಿಕೆ ಕಂಡಾಗೆಲ್ಲ ನಾನೇ ಡಾಕ್ಟರಿಗೆ ಫೋನ್ ಮಾಡಿ 'ಟಿಎಸ್‌ಎಚ್ ಕೂಡ ಮಾಡಲೇನ್ರಿ ಸರ್' ಅಂತ ಕೇಳುತ್ತೇನೆ. ಕೊಲೆಸ್ಟ್ರಾಲಿನ ಸ್ಟ್ಯಾಟಿನ್ ಮಾತ್ರೆಯೂ ಹಾಗೆ. ಮೈಕೈ ನೋವಿದ್ದರೆ ಸಿಪಿಕೆ ನೋಡಿಸಿ, ನೋವಿಲ್ಲದಿದ್ದರೆ ಸುಮ್ನೆ ಪದೇಪದೇ ಮಾಡಿಸುವ ಅಗತ್ಯವಿಲ್ಲ. ನಾರ್ಮಲಿನ ಹತ್ತು ಪಟ್ಟು ದಾಟಿದರೆ ಮಾತ್ರೆ ನಿಲ್ಲಿಸುತ್ತಾರೆ. ಅದನ್ನು ಡಾಕ್ಟರೇ ಹೇಳಬೇಕು, ನೀವಾಗಿ ನಿಲ್ಲಿಸಬೇಡಿ.

ಇದರ ಇನ್ನೊಂದು ಮಗ್ಗುಲೂ ಇದೆ. ಸಿಪಿಕೆ ನಾರ್ಮಲ್ ಬಂದರೆ ಸ್ನಾಯು ಚೆನ್ನಾಗಿದೆ ಅಂತ ಅಲ್ಲ. ಬಹಳ ದಿನ ಸ್ಟೀರಾಯ್ಡ್ ತಗೊಂಡು ಬಂದ ನಿಶ್ಶಕ್ತಿ, ವಿಟಮಿನ್ ಡಿ ಕೊರತೆಯ ನಿಶ್ಶಕ್ತಿ, ಸಂಜೆ ಆಗುತ್ತಾ ಕಣ್ಣು ರೆಪ್ಪೆ ಜೋತು ಬೀಳುವ ಮಯಸ್ತೇನಿಯಾ, ಇವುಗಳಲ್ಲೆಲ್ಲ ಸಿಪಿಕೆ ನಾರ್ಮಲ್ ಇರಬಹುದು.

ಲಿವರ್ ಅಂತ ಒಂದೂವರೆ ವರ್ಷ

ಈ ಬರಹ ಬರೆಯಲು ಕೂತದ್ದೇ ಇದಕ್ಕಾಗಿ. ಐದು ವರ್ಷದ ಒಬ್ಬ ಹುಡುಗ. ಲಿವರ್ ಟೆಸ್ಟಿನ ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಮುನ್ನೂರರ ಮೇಲೆ. ಒಂದೂವರೆ ವರ್ಷ ಅವನಿಗೆ ಲಿವರ್ ಟಾನಿಕ್ ಕುಡಿಸಿದ್ದರು, ಹಳ್ಳಿಯಲ್ಲಿ ಕಾಮಾಲೆ ಔಷಧವನ್ನೂ ಹಾಕಿಸಿದ್ದರು. ಕಣ್ಣು ಎಂದೂ ಹಳದಿ ಆಗಿರಲಿಲ್ಲ, ಬಿಲಿರುಬಿನ್ ಎಲ್ಲ ರಿಪೋರ್ಟಿನಲ್ಲೂ ನಾರ್ಮಲ್. ಅವತ್ತು ಅವನು ನಮ್ಮ ಲ್ಯಾಬಿನ ಬೆಂಚಿನಿಂದ ಇಳಿದು ನೆಲದ ಮೇಲೆ ಆಡುತ್ತಿದ್ದ. ಅವ್ವ ಕರೆದಾಗ ಎದ್ದ ರೀತಿ ನೋಡಿ ನನ್ನ ಕೈ ನಿಂತಿತು. ಮೊದಲು ಎರಡೂ ಕೈ ನೆಲಕ್ಕೆ ಊರಿದ, ಕುಂಡಿ ಮೇಲೆತ್ತಿದ, ಆಮೇಲೆ ಒಂದು ಕೈ ಮೊಣಕಾಲಿಗೆ, ಇನ್ನೊಂದು ಕೈ ತೊಡೆಗೆ, ತನ್ನ ಮೈಯನ್ನೇ ತಾನು ಏರಿದ ಹಾಗೆ ಎದ್ದ. ಮೀನಖಂಡ ಎರಡೂ ದಪ್ಪ, ಮುಟ್ಟಿದರೆ ಗಟ್ಟಿ.

ಅವನನ್ನು ಕಳಿಸಿದ್ದ ಡಾಕ್ಟರನ್ನು ಕೇಳಿ ಅದೇ ಸ್ಯಾಂಪಲಿನಲ್ಲಿ ಸಿಪಿಕೆ ಹಾಕಿದೆ. ಮಶಿನ್ ಅಳತೆ ಮೀರಿದೆ ಅಂತ ನಿಂತಿತು. ಹತ್ತು ಪಟ್ಟು ತೆಳು ಮಾಡಿ ಮತ್ತೆ ಹಾಕಿದೆ. 18,600. ಲಿವರಿನ ಇನ್ನೊಂದು ಕಿಣ್ವ ಜಿಜಿಟಿ ಕೂಡ ಮಾಡಿದೆ, ಅದು 14, ಪೂರ್ತಿ ನಾರ್ಮಲ್.

ಇಲ್ಲಿ ನಡೆದದ್ದು ಇಷ್ಟು. ಎಸ್‌ಜಿಒಟಿ, ಎಸ್‌ಜಿಪಿಟಿ ಲಿವರಿನಲ್ಲಿ ಇರುವ ಹಾಗೆ ಸ್ನಾಯುವಿನಲ್ಲೂ ಇರುತ್ತವೆ. ಲಿವರ್ ಟೆಸ್ಟ್ ಅಂತ ಹೆಸರಿಟ್ಟ ಮಾತ್ರಕ್ಕೆ ಅವು ಲಿವರಿನ ಸ್ವಂತದ್ದಲ್ಲ. ಜಿಜಿಟಿ ಮಾತ್ರ ಸ್ನಾಯುವಿನಿಂದ ಬರುವುದಿಲ್ಲ. ಹಾಗಾಗಿ ಎಸ್‌ಜಿಒಟಿ ಎಸ್‌ಜಿಪಿಟಿ ಏರಿ, ಬಿಲಿರುಬಿನ್ ಮತ್ತು ಜಿಜಿಟಿ ನಾರ್ಮಲ್ ಇರುವ ಮಗು ಕಂಡರೆ, ಅದರಲ್ಲೂ ಗಂಡುಮಗು, ತಡವಾಗಿ ನಡೆದದ್ದು, ಓಡಲು ಹೋದರೆ ಬೀಳುವುದು, ಒಂದು ಸಿಪಿಕೆ ಮಾಡಿಸಿ. ಕೆಲವು ನೂರು ರೂಪಾಯಿಯ ಟೆಸ್ಟ್. ಅದರಿಂದ ಒಂದೂವರೆ ವರ್ಷ ಉಳಿಯುತ್ತದೆ.

ಆ ಹುಡುಗನಿಗೆ ಆಮೇಲೆ ಜೀನ್ ಟೆಸ್ಟಿನಲ್ಲಿ ಸ್ನಾಯು ಸವೆಯುವ ಕಾಯಿಲೆ, ಡುಶೆನ್ ಮಸ್ಕ್ಯುಲರ್ ಡಿಸ್ಟ್ರಫಿ ಅಂತ ಖಚಿತವಾಯಿತು. ಈ ಕಾಯಿಲೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಸಿಪಿಕೆ ಹತ್ತು ಸಾವಿರ, ಇಪ್ಪತ್ತು ಸಾವಿರ ಇರುತ್ತದೆ, ಮಗು ಇನ್ನೂ ಚೆನ್ನಾಗಿ ಓಡಾಡುತ್ತಿರುವಾಗಲೇ. ವರ್ಷ ಕಳೆದಂತೆ ಅದು ಇಳಿಯುತ್ತಾ ಬರುತ್ತದೆ. ಇಳಿದದ್ದು ನೋಡಿ ವಾಸಿಯಾಗುತ್ತಿದೆ ಅಂತ ತಂದೆ ತಾಯಿ ಹಿಗ್ಗುತ್ತಾರೆ, ಅದನ್ನು ಬಿಡಿಸಿ ಹೇಳುವುದು ಬಹಳ ಕಷ್ಟ. ಸೋರಲು ಸ್ನಾಯುವೇ ಉಳಿದಿಲ್ಲ ಅನ್ನುವುದು ಅದರ ಅರ್ಥ. ಪೂರ್ತಿ ವಾಸಿ ಮಾಡುವ ಔಷಧ ಇಲ್ಲ, ಆದರೆ ಸರಿಯಾದ ಹೊತ್ತಿಗೆ ಶುರು ಮಾಡಿದ ಸ್ಟೀರಾಯ್ಡ್ ಮತ್ತು ಫಿಸಿಯೋಥೆರಪಿಯಿಂದ ಮಗು ನಡೆದಾಡುವ ವರ್ಷಗಳು ಹೆಚ್ಚುತ್ತವೆ. ಹಾಗಾಗಿಯೇ ಕಳೆದುಹೋದ ಆ ಒಂದೂವರೆ ವರ್ಷ ನನ್ನನ್ನು ಈಗಲೂ ಕಾಡುತ್ತದೆ.

ಇಂಥ ಮಗುವಿಗೆ ಯಾವ ಆಪರೇಷನ್ ಇದ್ದರೂ, ಹಲ್ಲು ಕೀಳುವುದಿರಲಿ, ಅರಿವಳಿಕೆ ಕೊಡುವವರಿಗೆ ಮೊದಲೇ ಹೇಳಿ. ಕೆಲವು ಅರಿವಳಿಕೆ ಔಷಧಗಳು ಈ ಮಕ್ಕಳಿಗೆ ಜೀವಕ್ಕೇ ಅಪಾಯ. ಇನ್ನು ತಾಯಿ, ಚಿಕ್ಕಮ್ಮ, ಅಕ್ಕತಂಗಿಯರು ಈ ಜೀನ್ ಹೊತ್ತಿರಬಹುದು. ಅವರ ಸಿಪಿಕೆ ಏರಿದ್ದರೆ ಸುಳಿವು, ಆದರೆ ನಾರ್ಮಲ್ ಇದ್ದರೆ ನಿಶ್ಚಿಂತೆ ಅಂತ ಅಲ್ಲ, ಜೀನ್ ಟೆಸ್ಟೇ ಬೇಕು. ಈ ಕಾಯಿಲೆಯ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಇದು ಹೊಸದಾಗಿ ಬಂದಿರುತ್ತದೆ, ತಾಯಿಯಿಂದ ಬಂದಿರುವುದೇ ಇಲ್ಲ. ತಾಯಿಯಿಂದ ಬಂದಿದ್ದರೂ ಅದು ಅವಳ ತಪ್ಪಲ್ಲ. ಸೊಸೆಯನ್ನು ಬೈಯುವ ಅತ್ತೆಯರಿಗೆ ಇದನ್ನು ಕೂರಿಸಿ ಹೇಳಿ.

ಎದೆ ನೋವಿಗೆ ಲ್ಯಾಬಿಗೆ ಬರಬೇಡಿ

ಎದೆ ಉರಿ, ಎಡಗೈ ಜೋಮು, ಬೆವರು. 'ಗ್ಯಾಸ್ ಆಗೇತಿ' ಅಂತ ಸೋಡಾ ಕುಡಿದು, ಕಡಿಮೆ ಆಗದೆ, ಬೆಳಗಿನ ಜಾವ ಲ್ಯಾಬಿನ ಬಾಗಿಲು ತಟ್ಟಿ 'ಆ ಹಾರ್ಟಿನ ಟೆಸ್ಟ್ ಮಾಡ್ರಿ' ಅನ್ನುವವರನ್ನು ನಾನು ನೋಡಿದ್ದೇನೆ. ಬೇಡ. ಆ ಹೊತ್ತಿಗೆ ಬೇಕಾದದ್ದು ಇಸಿಜಿ, ಆಸ್ಪತ್ರೆ ಮುಟ್ಟಿದ ಹತ್ತು ನಿಮಿಷದ ಒಳಗೆ. 108ಕ್ಕೆ ಫೋನ್ ಮಾಡಿ, ಹತ್ತಿರದ ತಾಲೂಕು ಆಸ್ಪತ್ರೆಯೋ, ಹುಬ್ಬಳ್ಳಿಯಲ್ಲಿ ಕಿಮ್ಸ್ ಅನ್ನುವ ಸರ್ಕಾರಿ ದೊಡ್ಡಾಸ್ಪತ್ರೆಯೋ, ಯಾವುದು ಹತ್ತಿರವೋ ಅಲ್ಲಿಗೆ ಹೋಗಿ. ಇಸಿಜಿಯಲ್ಲಿ ಸ್ಪಷ್ಟವಾಗಿ ಕಂಡರೆ ರಕ್ತದ ರಿಪೋರ್ಟಿಗೆ ಕಾಯದೆ ಚಿಕಿತ್ಸೆ ಶುರು ಮಾಡುತ್ತಾರೆ.

ರಕ್ತ ಪರೀಕ್ಷೆ ಬೇಕಾಗುವುದು ಇಸಿಜಿ ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ ಇದ್ದಾಗ. ಈಗ ಮುಖ್ಯವಾದದ್ದು ಟ್ರೋಪೋನಿನ್. ಅದು ಕಿಣ್ವ ಅಲ್ಲ, ಹೃದಯ ಸ್ನಾಯುವಿನ ಒಂದು ಪ್ರೋಟೀನ್, ಆದರೂ ರಿಪೋರ್ಟಿನಲ್ಲಿ 'ಕಾರ್ಡಿಯಾಕ್ ಎನ್‌ಜೈಮ್' ಅಂತ ಒಂದೇ ಸಾಲಿನಲ್ಲಿ ಹಾಕುವ ರೂಢಿ ಹೋಗಿಲ್ಲ. ನೋವು ಶುರುವಾದ ಮೂರರಿಂದ ಆರು ಗಂಟೆಯಲ್ಲಿ ಏರುತ್ತದೆ, ಹೊಸ ಹೈ ಸೆನ್ಸಿಟಿವ್ ಟೆಸ್ಟಿನಲ್ಲಿ ಇನ್ನೂ ಬೇಗ ಸಿಗುತ್ತದೆ, ಒಂದರಿಂದ ಎರಡು ವಾರ ಉಳಿಯುತ್ತದೆ. ಸಿಪಿಕೆ-ಎಂಬಿ ನಾಲ್ಕರಿಂದ ಆರು ಗಂಟೆಗೆ ಏರಲು ಶುರುವಾಗಿ, ಒಂದು ದಿನದ ಹೊತ್ತಿಗೆ ಶಿಖರ ಮುಟ್ಟಿ, ಎರಡು ಮೂರು ದಿನದಲ್ಲಿ ಇಳಿದುಬಿಡುತ್ತದೆ. ನೋವು ನಾಲ್ಕು ಗಂಟೆಗೆ ಶುರುವಾಗಿ ಐದೂವರೆಗೆ ರಕ್ತ ಕೊಟ್ಟು 'ನೆಗೆಟಿವ್ ಬಂತು, ಏನೂ ಇಲ್ಲ' ಅಂತ ಮನೆಗೆ ಹೋಗುವುದು ಎಂಥ ಅಪಾಯ ನೋಡಿ. ಅದಕ್ಕೇ ಕೆಲವು ಗಂಟೆ ಬಿಟ್ಟು ಮತ್ತೆ ರಕ್ತ ತೆಗೆಯುತ್ತಾರೆ. ದುಡ್ಡಿಗಾಗಿ ಮತ್ತೆ ಚುಚ್ಚುತ್ತಾರೆ ಅಂತ ಜಗಳ ಮಾಡಬೇಡಿ. ಎರಡು ನಂಬರಿನ ನಡುವಿನ ಏರಿಳಿತದಲ್ಲೇ ಉತ್ತರ ಇರುತ್ತದೆ. ನೀವು ಹೇಳಬೇಕಾದದ್ದು ಒಂದೇ: ನೋವು ಶುರುವಾದ ಗಡಿಯಾರದ ಹೊತ್ತು. 'ರಾತ್ರಿಯಿಂದ' ಸಾಲದು.

ಎಂಬಿಯ ಬಗ್ಗೆ ಒಂದು ಒಳಗಿನ ಮಾತು. ಬಹಳ ಲ್ಯಾಬುಗಳಲ್ಲಿ ಎಂಬಿ ಅಳೆಯುವುದು ಹೀಗೆ: ಒಂದು ಆಂಟಿಬಾಡಿ ಹಾಕಿ ಎಂ ಭಾಗವನ್ನೆಲ್ಲ ಕಟ್ಟಿಹಾಕುತ್ತಾರೆ, ಉಳಿದ ಬಿ ಭಾಗವನ್ನು ಅಳೆದು ಎರಡರಿಂದ ಗುಣಿಸುತ್ತಾರೆ. ರಕ್ತದಲ್ಲಿ ಬಿಬಿ ಇಲ್ಲ ಅಂತ ನಂಬಿಕೊಂಡು ಮಾಡುವ ಲೆಕ್ಕ ಇದು. ಕೆಲವರ ರಕ್ತದಲ್ಲಿ ಸಿಪಿಕೆ ಆಂಟಿಬಾಡಿಗೆ ಅಂಟಿಕೊಂಡು ದೊಡ್ಡ ಗಂಟಾಗಿ ಸುತ್ತುತ್ತಿರುತ್ತದೆ, ಅದನ್ನು ಮ್ಯಾಕ್ರೋ ಸಿಕೆ ಅನ್ನುತ್ತಾರೆ, ಆಗ ಲೆಕ್ಕ ತಲೆಕೆಳಗು. ಒಂದು ಸಲ ಟೋಟಲ್ ಸಿಪಿಕೆ 150, ಎಂಬಿ 180 ಅಂತ ಬಂತು. ಭಾಗವು ಇಡಿಗಿಂತ ದೊಡ್ಡದಾಗಲು ಸಾಧ್ಯವೇ? ಆ ಅಮ್ಮನನ್ನು ಐಸಿಯುಗೆ ಹಾಕಲು ಹೊರಟಿದ್ದರು. ಟ್ರೋಪೋನಿನ್ ಎರಡು ಸಲ ಮಾಡಿದರೂ ನೆಗೆಟಿವ್, ಇಸಿಜಿ ಸರಿ. ಎಂಬಿ ಟೋಟಲ್ಲಿನ ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ ಬಂದರೆ ಟೆಸ್ಟಿನ ಮೇಲೇ ಅನುಮಾನ ಪಡಬೇಕು. ಇನ್ನು ಬಸ್ಕಿ ಹೊಡೆದ ಹುಡುಗನಂಥವರಲ್ಲಿ ಟೋಟಲ್ ಸಾವಿರಗಟ್ಟಲೆ ಇದ್ದಾಗ, ಅದರ ಒಂದೆರಡು ಪರ್ಸೆಂಟ್ ಅಂದರೂ ಎಂಬಿ ನಾರ್ಮಲಿನ ಗೆರೆ ದಾಟುತ್ತದೆ. ಮೊದಲೇ ನೆನಪಿಡಿ ಅಂದದ್ದು ಇದಕ್ಕೆ. ಎಂಬಿ ಎಷ್ಟು ಅನ್ನುವುದಕ್ಕಿಂತ ಟೋಟಲ್ಲಿನಲ್ಲಿ ಎಷ್ಟು ಪಾಲು ಅಂತ ನೋಡಿ.

ಟ್ರೋಪೋನಿನ್ ಕೂಡ ಹೃದಯಕ್ಕೆ ಪೆಟ್ಟಾಗಿದೆ ಅಂತ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಕಿಡ್ನಿ ಕಾಯಿಲೆಯಲ್ಲಿ, ಜೋರು ಸೋಂಕಿನಲ್ಲಿ, ಹೃದಯ ಸ್ನಾಯುವಿನ ಉರಿಯೂತದಲ್ಲೂ ಏರುತ್ತದೆ.

ಮೆದುಳು

ಇಲ್ಲಿ ರಕ್ತದ ಕಿಣ್ವಗಳ ಕೈ ಬಹಳ ಗಿಡ್ಡ. ಮೆದುಳಿಗೂ ರಕ್ತಕ್ಕೂ ನಡುವೆ ಗಟ್ಟಿ ತಡೆ ಇದೆ, ಬಿಬಿ ಸುಲಭವಾಗಿ ಹೊರಗೆ ಬರುವುದಿಲ್ಲ. ಬಾಯಿ ಸೊಟ್ಟ, ಕೈ ಬಿದ್ದುಹೋಗಿದೆ, ಮಾತು ತೊದಲುತ್ತಿದೆ ಅಂದರೆ ಲ್ಯಾಬಿನ ಕಡೆ ನೋಡಲೇಬೇಡಿ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಓಡಿ. ಗಡ್ಡೆ ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯ ಗಡುವು ಇದೆ.

ಆದರೂ ಕೆಲವು ಕಡೆ ಕಿಣ್ವ ಸಹಾಯ ಮಾಡುತ್ತದೆ. ಪ್ರಜ್ಞೆ ತಪ್ಪಿ ಬಿದ್ದವರಿಗೆ ಬಂದದ್ದು ಮೈಯೆಲ್ಲ ಬಿಗಿದು ಬಡಿಯುವ ಫಿಟ್ಸೇ ಹೌದಾ ಅನ್ನುವ ಅನುಮಾನ ಇದ್ದಾಗ, ಒಂದೆರಡು ದಿನದಲ್ಲಿ ಏರುವ ಸಿಪಿಕೆ ಒಂದು ಸಾಕ್ಷಿ. ಏರಲಿಲ್ಲ ಅಂದರೆ ಫಿಟ್ಸ್ ಅಲ್ಲ ಅಂತ ಹೇಳಲಾಗದು. ಮಾನಸಿಕ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಿರುವವರಿಗೆ ಜೋರು ಜ್ವರ, ಮೈ ಕಟ್ಟಿಗೆಯಂತೆ ಸೆಟೆಯುವುದು, ಗೊಂದಲ, ಬೆವರು ಒಟ್ಟಿಗೆ ಬಂದರೆ ಕೂಡಲೇ ಕರೆದುಕೊಂಡು ಹೋಗಿ, ಅದು ಆ ಔಷಧದ ಅಪರೂಪದ ಆದರೆ ಅಪಾಯದ ಪರಿಣಾಮ ಇರಬಹುದು, ಸಿಪಿಕೆ ಸಾವಿರಗಟ್ಟಲೆ ಏರಿರುತ್ತದೆ. ಮಾತ್ರೆಯ ಚೀಟಿಯನ್ನು ಮರೆಯದೆ ಒಯ್ಯಿರಿ.

ಹೃದಯ ನಿಂತು ಮತ್ತೆ ಬಡಿದು, ಪ್ರಜ್ಞೆ ಬಾರದೆ ಮಲಗಿದವರಲ್ಲಿ ಎನ್‌ಎಸ್‌ಇ ಅನ್ನುವ ನರಕೋಶದ ಕಿಣ್ವವನ್ನು ಎರಡು ಮೂರನೇ ದಿನ ಅಳೆಯುವುದುಂಟು. ಬೇರೆ ಪರೀಕ್ಷೆಗಳ ಜೊತೆ ಸೇರಿಸಿ ಮಾತ್ರ ನೋಡುತ್ತಾರೆ, ಯಾಕಂದರೆ ಅದು ಕೆಂಪು ಕಣದಲ್ಲೂ ಇದೆ, ಆ ಬೀಟ್‌ರೂಟ್ ಬಣ್ಣದ ಟ್ಯೂಬು ಇಲ್ಲಿ ಒಂದು ಮನೆತನವನ್ನೇ ತಪ್ಪು ದಾರಿಗೆ ಒಯ್ಯಬಹುದು. ಚಿಕ್ಕ ತಲೆಪೆಟ್ಟಿನಲ್ಲಿ ಸಿಟಿ ಸ್ಕ್ಯಾನ್ ಬೇಕೋ ಬೇಡವೋ ನಿರ್ಧರಿಸಲು ಯುಸಿಎಚ್-ಎಲ್1 ಅನ್ನುವ ನರಕೋಶದ ಕಿಣ್ವವನ್ನು ಇನ್ನೊಂದು ಪ್ರೋಟೀನ್ ಜೊತೆ ಅಳೆಯುವ ಟೆಸ್ಟಿಗೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿದೆ.

ಹದಿಹರೆಯದ ಮಗುವಿನ ಅಕ್ಷರ ಒಮ್ಮೆಲೇ ಕೆಟ್ಟು, ಕೈ ನಡುಗಿ, ಮಾತು ಮುದ್ದೆಯಾಗಿ, ಸಿಟ್ಟು ಜಾಸ್ತಿಯಾದರೆ ಸೆರುಲೋಪ್ಲಾಸ್ಮಿನ್ ಮಾಡಿಸುವ ಬಗ್ಗೆ ಡಾಕ್ಟರನ್ನು ಕೇಳಿ. ತಾಮ್ರ ಹೊತ್ತು ತಿರುಗುವ ಪ್ರೋಟೀನ್ ಅದು, ಕಿಣ್ವದ ಕೆಲಸವನ್ನೂ ಮಾಡುತ್ತದೆ. ಮೈಯಲ್ಲಿ ತಾಮ್ರ ಸೇರಿಕೊಳ್ಳುವ ವಿಲ್ಸನ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಬೇಗ ಹಿಡಿದರೆ ಔಷಧ ಇದೆ. ದೆವ್ವ ಹಿಡಿದಿದೆ ಅಂತ ಗುಡಿ ಗುಡಿ ಸುತ್ತಿಸಿ ವರ್ಷ ಕಳೆಯಬೇಡಿ.

ಔಷಧ ಹೊಡೆಯುವವರಿಗೆ

ಮೇಲಿನದ್ದೆಲ್ಲ ಬಹುಪಾಲು ಏರುವ ಕಿಣ್ವಗಳ ಕಥೆ. ನಮ್ಮ ಹತ್ತಿ, ಮೆಣಸಿನಕಾಯಿ ಹೊಲಗಳಿಗೆ ಬೇಕಾದದ್ದು ಇಳಿಯುವ ಕಿಣ್ವ: ಕೋಲಿನ್‌ಎಸ್ಟರೇಸ್. ಆರ್ಗನೋಫಾಸ್ಫೇಟ್ ಕೀಟನಾಶಕ ಮೈ ಸೇರಿದರೆ ಇದು ಕಟ್ಟಿಹೋಗುತ್ತದೆ. ನರ ಸ್ನಾಯುವಿಗೆ ಕೊಟ್ಟ ಆಜ್ಞೆ ನಿಲ್ಲುವುದೇ ಇಲ್ಲ. ಜೊಲ್ಲು, ಕಣ್ಣೀರು, ಕಣ್ಣಪಾಪೆ ಚಿಕ್ಕದಾಗುವುದು, ಮೈ ಅದುರುವುದು, ಕೊನೆಗೆ ಉಸಿರು. ರಿಪೋರ್ಟ್ ಬರುವ ತನಕ ಯಾವ ಡಾಕ್ಟರೂ ಕಾಯುವುದಿಲ್ಲ, ಲಕ್ಷಣ ನೋಡಿಯೇ ಅಟ್ರೋಪಿನ್ ಕೊಡುತ್ತಾರೆ. ನೀವು ವಿಷ ತಗುಲಿದವರ ಬಟ್ಟೆ ತೆಗೆದು, ಸೋಪು ಹಚ್ಚಿ ಮೈ ತೊಳೆದು, ಔಷಧದ ಬಾಟಲಿಯನ್ನು ಲೇಬಲ್ ಸಮೇತ ಜೊತೆಗೆ ಒಯ್ಯಿರಿ.

ಈ ಟೆಸ್ಟಿನ ತೊಡಕು ಅಂದರೆ ನಾರ್ಮಲ್ ಅನ್ನುವುದು ಒಬ್ಬರಿಂದ ಒಬ್ಬರಿಗೆ ಬಹಳ ಬೇರೆ. ಹುಟ್ಟಿನಿಂದ ಹತ್ತು ಸಾವಿರ ಇದ್ದವರಿಗೆ ಆರು ಸಾವಿರಕ್ಕೆ ಇಳಿದರೂ ರಿಪೋರ್ಟಿನಲ್ಲಿ ನಾರ್ಮಲ್ ಅಂತಲೇ ಅಚ್ಚಾಗುತ್ತದೆ. ಅದಕ್ಕೆ ದಿನಗಟ್ಟಲೆ ಸ್ಪ್ರೇ ಮಾಡುವ ಕೆಲಸದವರು ಹಂಗಾಮು ಶುರುವಾಗುವ ಮುಂಚೆ, ಮೈ ಚೆನ್ನಾಗಿರುವಾಗ ಒಮ್ಮೆ ಮಾಡಿಸಿ, ಆ ಕಾಗದವನ್ನು ರೇಷನ್ ಕಾರ್ಡ್ ಜೊತೆ ಜೋಪಾನವಾಗಿ ಇಡಿ. ನಡುವೆ ತಲೆಸುತ್ತು, ವಾಂತಿ ಅಂತ ಬಂದಾಗ ಹೋಲಿಸಲು ಸ್ವಂತ ನಂಬರ್ ಇರುತ್ತದೆ. ಮುಂದಿನ ಸಲವೂ ಅದೇ ಲ್ಯಾಬಿಗೆ ಹೋಗಿ. ಬೇರೆ ಮಶಿನಿನ ನಂಬರನ್ನು ಇದರ ಪಕ್ಕ ಇಟ್ಟು ನೋಡಲು ಬರುವುದಿಲ್ಲ. ಹೋಗುವಾಗ ಚೀಟಿಯ ಹಿಂದೆ ಇಷ್ಟು ಬರೆಯಿರಿ: ಯಾವ ಔಷಧ, ಯಾವತ್ತು ಹೊಡೆದದ್ದು, ಎಷ್ಟು ಗಂಟೆಗೆ ರಕ್ತ ಕೊಟ್ಟದ್ದು. ಪೆನ್ನು ಇಲ್ಲದಿದ್ದರೆ ಕೌಂಟರಿನಲ್ಲಿ ಕೇಳಿ, ಕೊಡುತ್ತೇವೆ.